ಪ್ರವಾಸದಲ್ಲಿ ನಾಯಿಗೆ ಆಪತ್ತು ಬಂದಾಗ

ನಮ್ಮ ಸಮಾಜದ ಎಷ್ಟೋ ಮನೆತನಗಳ ಮಕ್ಕಳು ದಾವಣಗೆರೆ, ಬೆಳಗಾವಿ, ಕಲಬುರ್ಗಿಗಳ ವೈದ್ಯಕೀಯ ಮಹಾವಿದ್ಯಾಲಯಗಳಲ್ಲಿ ವ್ಯಾಸಂಗ ಮುಗಿಸಿ, ಬ್ರಿಟನ್ನಿಗೆ ತೆರಳಿ, ಅಲ್ಲಿಯ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. ಬೇಸಿಗೆ ಬಂತೆಂದರೆ ಇಲ್ಲಿಯ ತಂದೆತಾಯಿಗಳು ಮೊಮ್ಮಕ್ಕಳ ಮುಖ ಕಾಣಲು ವಿಮಾನವೇರುತ್ತಾರೆ. ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪುತ್ಥಳಿಗೆ ವಂದಿಸಿದ ಮೇಲೆ, ಮಕ್ಕಳು ಹಿರಿಯರನ್ನು ಕಡಲತೀರಕ್ಕೋ ಬೆಟ್ಟದ ಸೀಮೆಗೋ ಕರೆದೊಯ್ಯುವುದುಂಟು. ಕೆಲವರು ಇದಕ್ಕೆ ಹೋಟೆಲಿನ ಬದಲು ಕ್ಯಾರವಾನನ್ನು ಆರಿಸುತ್ತಾರೆ. ಮೋಟಾರು ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಈ ಪುಟ್ಟ ಮನೆಯಲ್ಲಿ ಒಲೆಯುಂಟು, ಹಾಸಿಗೆಯುಂಟು. ಮಡಿಯಿಂದ ಅಡಿಗೆ ಮಾಡಿಕೊಂಡು, ಹೊತ್ತಿಗೆ ಸರಿಯಾಗಿ ಇಷ್ಟಲಿಂಗಪೂಜೆ ಮುಗಿಸಿಕೊಂಡು ತಿರುಗಾಡುವುದಕ್ಕೆ ನಮ್ಮ ಹಿರಿಯರಿಗೆ ಇದಕ್ಕಿಂತ ಅನುಕೂಲದ ವ್ಯವಸ್ಥೆ ಬೇರೆಯಿಲ್ಲ. ಆ ಮನೆಯಲ್ಲಿ ಇನ್ನೊಂದು ಜೀವಕ್ಕೂ ಎಡೆಯಿರುತ್ತದೆ. ಅದು ಮೊಮ್ಮಕ್ಕಳ ನಾಯಿ.

ಊರಿನಲ್ಲಿರುವಾಗ ಆ ನಾಯಿಗೆ ಪರಿಚಯದ ಪಶುವೈದ್ಯರಿರುತ್ತಾರೆ. ಆದರೆ ಮನೆಯಿಂದ ಇನ್ನೂರು ಮೈಲಿ ದೂರದಲ್ಲಿ, ಭಾನುವಾರ ರಾತ್ರಿ, ದೂರವಾಣಿಯ ಸಂಕೇತವೂ ಸರಿಯಾಗಿ ಸಿಕ್ಕದ ಕಣಿವೆಯಲ್ಲಿ ಅದು ಒದ್ದಾಡತೊಡಗಿದರೆ ಯಾರನ್ನು ಕರೆಯಬೇಕು? ಬಂದವರು ನೋಡುವರೆ? ಎಷ್ಟು ವೆಚ್ಚ? ಜೀವ ಉಳಿಯದೆಂದು ವೈದ್ಯರು ಹೇಳಿದರೆ ಏನೆನ್ನಬೇಕು? ಇವನ್ನು ಹೊರಡುವ ಮೊದಲೇ ತಿಳಿದಿರುವುದು ಒಳಿತು. ನಾಯಿಯ ಸುದ್ದಿ ಈ ಪತ್ರಿಕೆಯಲ್ಲೇಕೆಂದು ಹುಬ್ಬೇರಿಸುವವರು ಹಾವಿನಹಾಳ ಕಲ್ಲಯ್ಯನವರ ಚರಿತೆಯನ್ನು ನೆನೆಯಬಹುದು. ಆ ಶರಣರು ನಾಯಿಯ ಬಾಯಿಂದಲೇ ವೇದವನ್ನು ನುಡಿಸಿದರೆಂದು ನಮ್ಮ ಪುರಾಣಗಳು ಹೇಳುತ್ತವೆ. ಬಾಗಿಲ ಹೊರಗಿನ ಪ್ರಾಣಿಯೆಂದು ಅದನ್ನು ಕಡೆಗಣಿಸುವುದು ಶರಣರ ದಾರಿಯಲ್ಲ.

ಕ್ಯಾರವಾನಿಗೂ ನಾಯಿಗೂ ಇರುವ ನಂಟು ಇಂದಿನದಲ್ಲ. ವಿಹಾರಕ್ಕೆಂದೇ ಕಟ್ಟಿಸಿದ ಮೊದಲ ಕ್ಯಾರವಾನ್ ಎಂದು ಪ್ರಸಿದ್ಧವಾದ ‘ವಾಂಡರರ್’ 1885ರಲ್ಲಿ ಬ್ರಿಸ್ಟಲ್ ನಗರದಲ್ಲಿ ಸಿದ್ಧವಾಯಿತು. ಅದನ್ನು ಕಟ್ಟಿಸಿದವರು ಗಾರ್ಡನ್ ಸ್ಟೇಬಲ್ಸ್ ಎಂಬವರು. ನೌಕಾದಳದಲ್ಲಿ ವೈದ್ಯರಾಗಿದ್ದು ನಿವೃತ್ತರಾದ ಇವರು ಎರಡು ಕುದುರೆಗಳನ್ನು ಹೂಡಿಕೊಂಡು, ದಕ್ಷಿಣ ಇಂಗ್ಲೆಂಡಿನಿಂದ ಸ್ಕಾಟ್‌ಲೆಂಡಿನ ಇನ್ವರ್ನೆಸ್‌ವರೆಗೆ ಪಯಣಿಸಿದರು. ಜೊತೆಗಿದ್ದದ್ದು ‘ಹರಿಕೇನ್ ಬಾಬ್’ ಎಂಬ ನ್ಯೂಫೌಂಡ್‌ಲೆಂಡ್ ಜಾತಿಯ ದೊಡ್ಡ ನಾಯಿ. ಒಂದು ಗಿಣಿಯೂ ಇತ್ತು. ಮರುವರ್ಷ ಅವರು ಆ ಪಯಣದ ಕಥನವನ್ನು ಪ್ರಕಟಿಸಿದರು. 1907ರಲ್ಲಿ ಕ್ಯಾರವಾನ್ ಸಂಘವೇ ಹುಟ್ಟಿಕೊಂಡಿತು. ಇಂದು ಆ ದೇಶದ ಕ್ಯಾರವಾನ್ ನಿಲ್ದಾಣಗಳಲ್ಲಿ ಸಂಜೆಯ ಹೊತ್ತು ಅಡ್ಡಾಡಿದರೆ ನಾಯಿಯಿಲ್ಲದ ಬಿಡಾರವನ್ನು ಹುಡುಕಬೇಕಾದೀತು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಬ್ರಿಟನ್ನಿನಲ್ಲಿ ಪಶುವೈದ್ಯರ ವೃತ್ತಿಯನ್ನು ನಿಯಂತ್ರಿಸುವ ಸಂಸ್ಥೆ ‘ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್’. 1844ರಲ್ಲಿ ರಾಜಸನದಿನಿಂದ ಸ್ಥಾಪಿತವಾದ ಈ ಸಂಸ್ಥೆಯ ನೀತಿಸಂಹಿತೆಯಲ್ಲಿ ಒಂದು ಕಟ್ಟಳೆಯಿದೆ. ವೃತ್ತಿನಿರತರಾದ ಪ್ರತಿಯೊಬ್ಬ ಪಶುವೈದ್ಯರೂ ಹಗಲಿರುಳು, ದಿನದ 24 ಗಂಟೆಗಳ ಕಾಲವೂ, ಆಪತ್ತಿನಲ್ಲಿರುವ ಪ್ರಾಣಿಗೆ ಪ್ರಥಮ ಚಿಕಿತ್ಸೆ ಹಾಗೂ ನೋವುಶಮನ ದೊರೆಯುವಂತೆ ಏರ್ಪಾಡು ಮಾಡಿರಲೇಬೇಕು. ಆ ಪ್ರಾಣಿ ತಮ್ಮಲ್ಲಿ ಹೆಸರು ನೋಂದಾಯಿಸಿದವರದೇ ಆಗಿರಬೇಕೆಂಬ ನಿಬಂಧನೆಯಿಲ್ಲ. ದಾರಿಹೋಕರ ನಾಯಿಗೂ ಈ ಆಸರೆ ಉಂಟು. ಈ ಒಂದು ಮಾತನ್ನು ತಿಳಿದಿದ್ದರೆ ಅರ್ಧ ಗಾಬರಿ ಅಲ್ಲಿಯೇ ಇಳಿಯುತ್ತದೆ.

ಆದರೆ ಕಟ್ಟಳೆಯ ಮಿತಿಯನ್ನೂ ಅರಿತಿರಬೇಕು. ರಾತ್ರಿಯ ಸೇವೆಯನ್ನು ಆ ವೈದ್ಯರೇ ಖುದ್ದಾಗಿ ಕೊಡಬೇಕೆಂದಿಲ್ಲ. ಬೇರೊಂದು ಚಿಕಿತ್ಸಾಲಯಕ್ಕೆ ಒಪ್ಪಿಸಿರಬಹುದು, ಅದು ಮೂವತ್ತು ನಲವತ್ತು ಮೈಲಿ ದೂರದಲ್ಲಿರಬಹುದು. ವೈದ್ಯರು ಕ್ಯಾರವಾನಿನ ಬಳಿಗೆ ಬರಲೇಬೇಕೆಂಬ ನಿಯಮವೂ ಇಲ್ಲ. ನಾಯಿಯನ್ನು ಅವರಲ್ಲಿಗೆ ಮುಟ್ಟಿಸುವ ಹೊಣೆ ಒಡೆಯರದು. ಎಲ್ಲಕ್ಕಿಂತ ಮಿಗಿಲಾಗಿ ಇದು ಪುಕ್ಕಟೆಯಲ್ಲ. ಮನುಷ್ಯರಿಗೆ ಅಲ್ಲಿ ಸರಕಾರದ ಆರೋಗ್ಯ ಸೇವೆಯಿದೆಯಲ್ಲ, ಪ್ರಾಣಿಗಳಿಗೂ ಅದೇ ಬಗೆಯದು ಇರಬೇಕೆಂದು ನಮ್ಮ ಹಿರಿಯರು ಭಾವಿಸುವುದು ಸಹಜ. ಹಾಗೇನೂ ಇಲ್ಲ. ಈ ವಿಷಯದಲ್ಲಿ ನಮ್ಮ ನಾಡಿನ ರೈತನೇ ಒಂದು ಹೆಜ್ಜೆ ಮುಂದೆ ಎನ್ನಬೇಕು. ಹಸು ಎಮ್ಮೆಗಳಿಗೆ ತೊಂದರೆಯಾದಾಗ 1962 ಎಂಬ ಸಂಖ್ಯೆಗೆ ಕರೆಮಾಡಿದರೆ ಸರಕಾರದ ಪಶು ಸಂಜೀವಿನಿ ವಾಹನ ಮನೆಬಾಗಿಲಿಗೆ ಬರುವ ವ್ಯವಸ್ಥೆ ಕರ್ನಾಟಕದಲ್ಲಿದೆ.

ನಮ್ಮ ಬಂಧುಗಳ ಕುಟುಂಬವೊಂದಕ್ಕೆ ಒದಗಿದ ಪ್ರಸಂಗವನ್ನು ಇಲ್ಲಿ ವಿವರವಾಗಿ ಹೇಳುವುದು ಉಪಯುಕ್ತವೆಂದು ತೋರುತ್ತದೆ. ಮಗ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞ. ಸೊಸೆ, ಇಬ್ಬರು ಮಕ್ಕಳು, ದಾವಣಗೆರೆಯಿಂದ ಬಂದ ಹಿರಿಯರಿಬ್ಬರು, ಜೊತೆಗೆ ಗುಂಡ ಎಂಬ ಕಂದು ನಾಯಿ. ಮೇ ತಿಂಗಳ ಕೊನೆಯ ರಜೆಯಲ್ಲಿ ವೇಲ್ಸ್ ಪ್ರಾಂತದ ಪೆಂಬ್ರೋಕ್‌ಶೈರ್ ಕಡಲತೀರದಲ್ಲಿ ಬಿಡಾರ ಹೂಡಿದ್ದರು. ಭಾನುವಾರ ಇಳಿಹೊತ್ತಿನಲ್ಲಿ ಕುರುಚಲು ಗಿಡಗಳ ನಡುವಿನ ಕಾಲುದಾರಿಯಲ್ಲಿ ನಡೆಯುತ್ತಿರುವಾಗ ನಾಯಿ ಒಮ್ಮೆಲೆ ಚೀರಿ ಹಿಂದಕ್ಕೆ ನೆಗೆಯಿತು. ಹತ್ತು ನಿಮಿಷದೊಳಗೆ ಮುಂಗಾಲು ಬಾತುಕೊಂಡಿತು; ಬಾಯಿಂದ ಜೊಲ್ಲು ಸುರಿಯತೊಡಗಿತು. ಗ್ರೇಟ್ ಬ್ರಿಟನ್ನಿನ ನೆಲದಲ್ಲಿ ಸಹಜವಾಗಿ ಇರುವ ವಿಷಸರ್ಪ ಒಂದೇ ಒಂದು. ಅದಕ್ಕೆ ಆ್ಯಡರ್ ಎಂದು ಹೆಸರು. ನಮ್ಮ ಮಂಡಲದ ಹಾವಿನ ದೂರದ ಸಂಬಂಧಿ. ಚಳಿಗಾಲವೆಲ್ಲ ನಿದ್ರಿಸಿ, ವಸಂತದಲ್ಲಿ ಹೊರಬಿದ್ದು, ಬಿಸಿಲು ಕಾಯಿಸಿಕೊಳ್ಳುತ್ತ ಮಲಗಿರುತ್ತದೆ. ತಾನಾಗಿ ಮೇಲೆರಗುವುದಿಲ್ಲ, ಮೂಗು ತೂರಿಸಿದ ನಾಯಿಯನ್ನು ಬಿಡುವುದಿಲ್ಲ.

ಅಜ್ಜನವರು ಕೂಡಲೇ ಕರವಸ್ತ್ರ ತೆಗೆದು ಕಾಲಿಗೆ ಬಿಗಿಯಾಗಿ ಕಟ್ಟಲು ಮುಂದಾದರು. ನಮ್ಮ ಹಳ್ಳಿಗಳಲ್ಲಿ ತಲೆಮಾರುಗಳಿಂದ ನಡೆದುಬಂದ ರೂಢಿಯಲ್ಲವೆ! ಮಗ ತಡೆದನು. ಬಿಗಿದು ಕಟ್ಟುವುದು, ಕಚ್ಚಿದ ಜಾಗವನ್ನು ಕೊಯ್ಯುವುದು, ಹೀರುವುದು, ಈ ಮೂರರಿಂದಲೂ ಕೇಡೇ ಹೆಚ್ಚು. ಮಾಡಬೇಕಾದ್ದು ಇಷ್ಟೆ: ನಾಯಿಯನ್ನು ನಡೆಯಗೊಡದೆ ಎತ್ತಿಕೊಳ್ಳಬೇಕು, ಓಡಾಟ ಹೆಚ್ಚಿದಷ್ಟೂ ವಿಷ ಬೇಗ ಹರಡುತ್ತದೆ. ಇಪ್ಪತ್ತೈದು ಕಿಲೋ ತೂಕದ ಗುಂಡನನ್ನು ತಂದೆ ಮಗ ಸರದಿಯಂತೆ ಹೊತ್ತು ಬಿಡಾರಕ್ಕೆ ತಂದರು.

ನಿಲ್ದಾಣದ ಕಚೇರಿಯ ಫಲಕದಲ್ಲಿ ಹತ್ತಿರದ ಪಶುವೈದ್ಯರ ಸಂಖ್ಯೆಯಿತ್ತು. ಕರೆ ಮಾಡಿದರೆ ಧ್ವನಿಮುದ್ರಿತ ಉತ್ತರ: ಚಿಕಿತ್ಸಾಲಯ ಮುಚ್ಚಿದೆ, ತುರ್ತು ಇದ್ದಲ್ಲಿ ಈ ಸಂಖ್ಯೆಗೆ ಕರೆ ಮಾಡಿರಿ. ಎರಡನೆಯ ಕರೆಗೆ ವೈದ್ಯೆಯೊಬ್ಬರು ದೊರೆತರು. ಅವರು ಕೇಳಿದ ಪ್ರಶ್ನೆಗಳು ಮೂರೇ: ನಾಯಿಯ ತೂಕವೆಷ್ಟು, ಕಚ್ಚಿ ಎಷ್ಟು ಹೊತ್ತಾಯಿತು, ವಸಡಿನ ಬಣ್ಣ ಹೇಗಿದೆ. ಹಾವಿನ ವಿಷಕ್ಕೆ ಪ್ರತಿವಿಷದ ಔಷಧಿ ಎಲ್ಲ ಚಿಕಿತ್ಸಾಲಯಗಳಲ್ಲಿಯೂ ಇರುವುದಿಲ್ಲ. ಅದು ಎಲ್ಲಿ ದೊರೆಯುವುದೆಂದು ತಾವೇ ವಿಚಾರಿಸಿ, ನೇರವಾಗಿ ಅಲ್ಲಿಗೇ ಹೋಗಲು ಹೇಳಿದರು. ಹೀಗೆ ಮೊದಲೇ ಕರೆ ಮಾಡದೆ ಹೊರಟಿದ್ದರೆ ಬಾಗಿಲು ಮುಚ್ಚಿದ ಕಟ್ಟಡದ ಮುಂದೆ ನಿಂತು ಒಂದು ತಾಸು ಕಳೆಯುತ್ತಿತ್ತು.

ಇಲ್ಲಿ ಕ್ಯಾರವಾನಿಗರು ಗಮನಿಸಬೇಕಾದ ಸಂಗತಿಯೊಂದಿದೆ. ಕ್ಯಾರವಾನನ್ನು ಎಳೆಯುವ ಕಾರು ಅಲ್ಲಿಯ ಇಕ್ಕಟ್ಟಿನ ಏಕಪಥದ ರಸ್ತೆಗಳಲ್ಲಿ ತಾಸಿಗೆ 50 ಮೈಲಿ ಮೀರುವಂತಿಲ್ಲ. ಹಳ್ಳಿಯ ದಾರಿಗಳಲ್ಲಿ ಅಷ್ಟೂ ಸಾಗದು. ಆದ್ದರಿಂದ ಬಿಡಾರವನ್ನು ಕಳಚಿ ಅಲ್ಲಿಯೇ ಬಿಟ್ಟು, ಕಾರನ್ನು ಮಾತ್ರ ಒಯ್ಯತಕ್ಕದ್ದು. ಇಡಿಯಾಗಿ ಒಂದೇ ವಾಹನವಾಗಿರುವ ಮೋಟಾರುಮನೆಯಲ್ಲಿ ಹೋದವರಿಗೆ ಈ ಅನುಕೂಲವಿಲ್ಲ. ಅವರು ಸ್ಥಳೀಯ ಟ್ಯಾಕ್ಸಿಯವರಲ್ಲಿ ನಾಯಿಯನ್ನು ಹತ್ತಿಸಿಕೊಳ್ಳುವವರು ಯಾರೆಂದು ಮೊದಲೇ ಕೇಳಿಟ್ಟುಕೊಳ್ಳಬೇಕು. ನಮ್ಮ ಬಂಧುಗಳು ಅಜ್ಜಿ ಮತ್ತು ಚಿಕ್ಕ ಮಗುವನ್ನು ಬಿಡಾರದಲ್ಲಿ ಬಿಟ್ಟು, ಕತ್ತಲಾಗುವಷ್ಟರಲ್ಲಿ ನಲವತ್ತು ಮೈಲಿ ಕ್ರಮಿಸಿದರು. ಹಿರಿಯರು ಆ ರಾತ್ರಿ ಇಷ್ಟಲಿಂಗಪೂಜೆ ಮಾಡಿದ್ದು ಚಿಕಿತ್ಸಾಲಯದ ಹೊರಗೆ ನಿಲ್ಲಿಸಿದ ಕಾರಿನಲ್ಲಿ. ಒಳಗೆ ಗುಂಡನಿಗೆ ರಕ್ತನಾಳದ ಮೂಲಕ ದ್ರವವನ್ನೂ ನೋವಿನ ಔಷಧಿಯನ್ನೂ ಪ್ರತಿವಿಷವನ್ನೂ ಕೊಟ್ಟರು. ಕಾಲು ಕಪ್ಪುಗಟ್ಟಿ ಮೂರು ದಿನ ನೆಲಕ್ಕೂರಲಿಲ್ಲ; ಆಮೇಲೆ ಮೆಲ್ಲಗೆ ಚೇತರಿಸಿತು. ಸಕಾಲದಲ್ಲಿ ಚಿಕಿತ್ಸೆ ದೊರೆತ ನಾಯಿಗಳಲ್ಲಿ ಬಹುಪಾಲು ಬದುಕುಳಿಯುತ್ತವೆ.

ದಾರಿಯುದ್ದಕ್ಕೂ ಹತ್ತು ವರ್ಷದ ಮೊಮ್ಮಗಳು ಕೇಳಿದ ಪ್ರಶ್ನೆ ಒಂದೇ ಆಗಿತ್ತು: “ಅಪ್ಪಾ, ನೀನು ಡಾಕ್ಟರಲ್ಲವೆ? ನೀನೇಕೆ ಔಷಧಿ ಕೊಡುವುದಿಲ್ಲ?” ನಮ್ಮ ವೈದ್ಯ ಮಕ್ಕಳೆಲ್ಲರೂ ಇದಕ್ಕೆ ಉತ್ತರ ತಿಳಿದಿರಬೇಕು. 1966ರ ಪಶುವೈದ್ಯ ಶಾಸನದ ಪ್ರಕಾರ ಪ್ರಾಣಿಗಳಿಗೆ ಚಿಕಿತ್ಸೆ ನೀಡುವ ಅಧಿಕಾರ ನೋಂದಾಯಿತ ಪಶುವೈದ್ಯರಿಗೇ ಮೀಸಲು. ಜೀವ ಉಳಿಸಲು ಇಲ್ಲವೆ ನೋವು ತಗ್ಗಿಸಲು ಆಪತ್ಕಾಲದಲ್ಲಿ ಪ್ರಥಮ ಚಿಕಿತ್ಸೆ ಮಾಡಲು ಯಾರಿಗೂ ಅಡ್ಡಿಯಿಲ್ಲ, ನಿಜ. ಆದರೆ ಮನುಷ್ಯರ ನೋವಿನ ಗುಳಿಗೆಗಳು ನಾಯಿಗೆ ಔಷಧಿಯಲ್ಲ. ಐಬುಪ್ರೊಫೇನ್ ಅದರ ಜಠರವನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಪ್ಯಾರಾಸಿಟಮಾಲ್ ಪ್ರಮಾಣ ಮೀರಿದರೆ ಯಕೃತ್ತಿಗೆ ಮಾರಕ. ಕ್ಯಾರವಾನಿನ ಇಕ್ಕಟ್ಟಿನಲ್ಲಿ ಹಿರಿಯರ ಮಾತ್ರೆಯ ಡಬ್ಬಿ ಹಾಸಿಗೆಯ ಪಕ್ಕದಲ್ಲಿಯೇ ಇರುತ್ತದೆ, ನಾಯಿಯ ಮೂಗು ಅದರಿಂದ ಗೇಣುದ್ದವೂ ದೂರವಿರುವುದಿಲ್ಲ. ಅದನ್ನು ಮೇಲಿನ ಕಪಾಟಿನಲ್ಲಿಡಬೇಕು.

ಹಾವಿಗಿಂತ ಹೆಚ್ಚಿನ ಅಪಾಯ ನಮ್ಮ ಅಡಿಗೆಯ ಮನೆಯಲ್ಲಿಯೇ ಇದೆಯೆಂದರೆ ತಾಯಂದಿರು ಬೇಸರಪಡಬಾರದು. ದ್ರಾಕ್ಷಿ, ಅದರಲ್ಲಿಯೂ ಒಣದ್ರಾಕ್ಷಿ, ನಾಯಿಯ ಮೂತ್ರಪಿಂಡಗಳನ್ನು ನಿಷ್ಕ್ರಿಯಗೊಳಿಸಬಲ್ಲದು. ಎಷ್ಟು ತಿಂದರೆ ಕೇಡೆಂದು ಖಚಿತವಾಗಿ ಹೇಳಲು ಬರುವುದಿಲ್ಲ. ಒಂದು ನಾಯಿ ಹಿಡಿ ತಿಂದು ಸುಮ್ಮನಿರುತ್ತದೆ, ಇನ್ನೊಂದಕ್ಕೆ ನಾಲ್ಕು ಹಣ್ಣೇ ಸಾಕಾಗುತ್ತದೆ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲ ಇದಕ್ಕೆ ಕಾರಣವಿರಬಹುದೆಂದು ವಿಷತಜ್ಞರು 2021ರಲ್ಲಿ ಸೂಚಿಸಿದರು. ಈರುಳ್ಳಿ ಬೆಳ್ಳುಳ್ಳಿಗಳು ಹಸಿಯಾಗಿರಲಿ ಬೆಂದಿರಲಿ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಚಾಕೊಲೇಟಿನ ಥಿಯೋಬ್ರೊಮಿನ್ ಹೃದಯದ ಬಡಿತವನ್ನು ಕೆಡಿಸುತ್ತದೆ. ಸಕ್ಕರೆ ಕಾಯಿಲೆಯವರಿಗೆಂದು ಮಾರುವ ಕೆಲವು ಸಿಹಿ ತಿಂಡಿಗಳಲ್ಲಿಯೂ ಚೂಯಿಂಗ್ ಗಮ್ಮಿನಲ್ಲಿಯೂ ಇರುವ ಜೈಲಿಟಾಲ್ ಎಂಬ ಪದಾರ್ಥ ಇವೆಲ್ಲಕ್ಕಿಂತ ಘೋರವಾದುದು. ‘ಪಾಪ, ಅದೂ ಒಂದು ಜೀವವಲ್ಲವೆ’ ಎಂದು ಪ್ರಸಾದದ ಶಿರಾವನ್ನು ಒಣದ್ರಾಕ್ಷಿಸಹಿತ ನಾಯಿಗೆ ಉಣಿಸುವ ಅಜ್ಜಿಯ ಕರುಣೆ ದೊಡ್ಡದು. ದ್ರಾಕ್ಷಿಯನ್ನು ಆಯ್ದು ತೆಗೆದರೆ ಆ ಕರುಣೆಗೆ ಕುಂದೇನೂ ಬಾರದು. ತಿಂದದ್ದು ಗೊತ್ತಾದ ಕೂಡಲೇ ವೈದ್ಯರಿಗೆ ತಿಳಿಸಬೇಕು, ಲಕ್ಷಣ ಕಾಣುವವರೆಗೆ ಕಾಯಬಾರದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪ್ರಯತ್ನ ಬೇಡ; ಉಪ್ಪೇ ಅದಕ್ಕೆ ವಿಷವಾದೀತು.

ಬಿಸಿಲಿನ ಬಗೆಗೂ ಎರಡು ಮಾತು ಹೇಳಬೇಕು. ಕಲಬುರ್ಗಿಯ ಉರಿಬಿಸಿಲನ್ನು ಕಂಡವರಿಗೆ ಇಂಗ್ಲೆಂಡಿನ ಬಿಸಿಲು ಬಿಸಿಲೇ ಅಲ್ಲ. ಆದರೆ ಮುಚ್ಚಿದ ಕ್ಯಾರವಾನು ಸೂರ್ಯನಿಗೆ ಎದುರಾಗಿ ನಿಂತರೆ ಒಲೆಯಂತಾಗುತ್ತದೆ. ಮೊಂಡು ಮೂಗಿನ ಪಗ್, ಬುಲ್‌ಡಾಗ್ ಜಾತಿಯ ನಾಯಿಗಳು ಉಸಿರಿನ ಮೂಲಕ ಮೈಯ ಕಾವನ್ನು ಹೊರಹಾಕಲಾರದೆ ಬೇಗ ಕುಸಿಯುತ್ತವೆ. ನಾಲಗೆ ಚಾಚಿ ವಿಪರೀತ ಏದುತ್ತ ತೂರಾಡುವ ನಾಯಿಯನ್ನು ಹಾಗೆಯೇ ಕಾರಿಗೆ ಹಾಕಿಕೊಂಡು ಓಡುವುದು ಸರಿಯಲ್ಲ. ಮೊದಲು ತಂಪು, ಬಳಿಕ ಪಯಣ ಎಂಬುದು ಇಂದಿನ ತಜ್ಞರ ಸೂತ್ರ. ನೆರಳಿಗೆ ತಂದು, ಮೈಮೇಲೆ ನೀರು ಸುರಿಯುತ್ತ ಗಾಳಿ ಬೀಸಬೇಕು. ನೀರು ಮಂಜಿನಂತಿರಬೇಕಾಗಿಲ್ಲ, ನಾಯಿಯ ಮೈಗಿಂತ ತಣ್ಣಗಿದ್ದರಾಯಿತು. ಒದ್ದೆ ಬಟ್ಟೆಯನ್ನು ಹೊದಿಸಿ ಬಿಡುವುದು ಹಿಂದಿನ ರೂಢಿ; ಅದು ಕಾವನ್ನು ಒಳಗೇ ಹಿಡಿದಿಡುತ್ತದೆಂದು ಈಗ ಕೈಬಿಡಲಾಗಿದೆ.

ಇನ್ನೊಂದು ಲಕ್ಷಣವನ್ನು ದೊಡ್ಡ ಎದೆಗೂಡಿನ ನಾಯಿಗಳನ್ನು ಸಾಕಿದವರು ಮರೆಯಲೇಬಾರದು. ಹೊಟ್ಟೆ ನಗಾರಿಯಂತೆ ಉಬ್ಬಿ, ವಾಂತಿಗೆ ಮತ್ತೆ ಮತ್ತೆ ಪ್ರಯತ್ನಿಸಿದರೂ ಏನೂ ಹೊರಬಾರದೆ ನಾಯಿ ಚಡಪಡಿಸಿದರೆ, ಜಠರವೇ ತಿರುಚಿಕೊಂಡಿರುವ ಸಂಭವವುಂಟು. ಶಸ್ತ್ರಚಿಕಿತ್ಸೆಯಿಲ್ಲದೆ ಅದು ಉಳಿಯದು, ಮತ್ತು ಅವಧಿ ಕೆಲವೇ ತಾಸುಗಳು. ಬೆಳಗಾಗಲಿ ನೋಡೋಣವೆಂಬ ಮಾತು ಇಲ್ಲಿ ಸಲ್ಲದು.

ಹೊರಡುವ ಮುನ್ನ ಮಾಡಬೇಕಾದ ಕೆಲಸ ಹೆಚ್ಚಿಲ್ಲ. ತಂಗುವ ಪ್ರತಿಯೊಂದು ಊರಿನ ಹತ್ತಿರದ ಪಶುವೈದ್ಯರ ಹೆಸರು, ಸಂಖ್ಯೆ, ರಾತ್ರಿಯ ಏರ್ಪಾಡು ಎಲ್ಲಿ ಎಂಬುದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಸಂಕೇತ ಸಿಕ್ಕದ ಕಣಿವೆಯಲ್ಲಿ ಕೈಫೋನಿಗಿಂತ ಕಾಗದವೇ ಮೇಲು. ಸ್ಕಾಟ್‌ಲೆಂಡಿನ ಉತ್ತರದ ಬೆಟ್ಟಸೀಮೆಗೆ ಹೋಗುವವರಿಗಂತೂ ಇದು ಕಡ್ಡಾಯವೆನ್ನಬೇಕು, ಅಲ್ಲಿ ಚಿಕಿತ್ಸಾಲಯಗಳು ವಿರಳ. 2016ರ ಏಪ್ರಿಲಿನಿಂದ ನಾಯಿಗಳ ಚರ್ಮದಡಿ ಗುರುತಿನ ಮೈಕ್ರೋಚಿಪ್ ಇರಿಸುವುದು ಆ ದೇಶದಲ್ಲಿ ಕಡ್ಡಾಯ. ಅದರೊಡನೆ ನೋಂದಾಯಿಸಿದ ದೂರವಾಣಿ ಸಂಖ್ಯೆ ಈಗಿನದೇ ಎಂದು ನೋಡಿಕೊಳ್ಳಬೇಕು. ಕಾಲುವೆ ದಾಟಿ ಫ್ರಾನ್ಸಿಗೆ ಹೋಗುವವರ ಕಾಗದಪತ್ರಗಳ ವಿಚಾರ ಬೇರೆಯೇ ಇದೆ, ಅದು ಇಲ್ಲಿ ಬೇಡ.

ಹಣದ ಮಾತು ಕಹಿಯಾದರೂ ಆಡದೆ ವಿಧಿಯಿಲ್ಲ. ರಾತ್ರಿಯ ತುರ್ತು ತಪಾಸಣೆಗೇ ನೂರಾರು ಪೌಂಡು. ಶಸ್ತ್ರಚಿಕಿತ್ಸೆಯಾದರೆ ಸಾವಿರಗಳಲ್ಲಿ ಎಣಿಕೆ. 2013ರಲ್ಲಿ ಅಲ್ಲಿಯ ಪಶುಚಿಕಿತ್ಸಾಲಯಗಳ ಪೈಕಿ ದೊಡ್ಡ ವ್ಯಾಪಾರಿ ಸಮೂಹಗಳಿಗೆ ಸೇರಿದ್ದವು ಶೇಕಡಾ 10ರಷ್ಟು ಮಾತ್ರ. ಹತ್ತು ವರ್ಷಗಳಲ್ಲಿ ಅದು ಶೇಕಡಾ 60ರ ಸಮೀಪಕ್ಕೆ ಬಂದಿತು. ಶುಲ್ಕಗಳ ಬಗೆಗೆ ಜನರ ಅಸಮಾಧಾನ ಹೆಚ್ಚಲಾಗಿ, ಸ್ಪರ್ಧಾ ಪ್ರಾಧಿಕಾರವು 2024ರಲ್ಲಿ ವಿಧ್ಯುಕ್ತ ತನಿಖೆಯನ್ನೇ ಆರಂಭಿಸಿತು. ಬಡವರ ಪ್ರಾಣಿಗಳಿಗೆಂದು ಮರಿಯಾ ಡಿಕಿನ್ ಎಂಬ ಮಹಿಳೆ 1917ರಲ್ಲಿ ಲಂಡನ್ನಿನ ಪೂರ್ವಭಾಗದಲ್ಲಿ ತೆರೆದ ಔಷಧಾಲಯ ಇಂದು ದೊಡ್ಡ ಧರ್ಮಸಂಸ್ಥೆಯಾಗಿ ಬೆಳೆದಿದೆ. ಆದರೆ ಅದು ವರಮಾನ ಕಡಿಮೆಯಿರುವವರಿಗೆ, ನಮ್ಮ ವೈದ್ಯ ಮಕ್ಕಳಿಗಲ್ಲ. ಆದ್ದರಿಂದ ನಾಯಿಗೆ ವಿಮೆ ಮಾಡಿಸಿ, ವಿಮಾಪತ್ರದ ಸಂಖ್ಯೆಯನ್ನು ಜೊತೆಗಿಟ್ಟುಕೊಳ್ಳುವುದು ಜಾಣತನ. ತುರ್ತಿನಲ್ಲಿಯೂ ಅಂದಾಜು ವೆಚ್ಚವನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ವೈದ್ಯರು ಅದನ್ನು ಅಗೌರವವೆಂದು ತಿಳಿಯುವುದಿಲ್ಲ.

ಎಲ್ಲಕ್ಕಿಂತ ಕಠಿಣವಾದ ಗಳಿಗೆ ಬೇರೆಯಿದೆ. ಕೆಲವೊಮ್ಮೆ ವೈದ್ಯರು ಮೇಜಿನ ಈಚೆ ಬಂದು ಮೆಲುದನಿಯಲ್ಲಿ ಕೇಳುತ್ತಾರೆ: ನೋವಿಲ್ಲದೆ ಕಳಿಸಿಕೊಡೋಣವೆ? ಪ್ರಾಣಿಯನ್ನು ನೋವಿನಿಂದ ಬಿಡಿಸುವುದೆಂಬ ಕರ್ತವ್ಯದಲ್ಲಿ ಇದೂ ಸೇರಿದೆಯೆಂದೇ ಆ ದೇಶದ ವೈದ್ಯರ ನಂಬಿಕೆ, ನಿಯಮ. ಜೀವಹಿಂಸೆಯೇ ಪಾಪವೆಂದು ಬಾಲ್ಯದಿಂದ ಕೇಳಿ ಬೆಳೆದ ನಮ್ಮ ಹಿರಿಯರಿಗೆ ಈ ಮಾತು ಸಿಡಿಲಿನಂತೆ ಎರಗುತ್ತದೆ. ನಮ್ಮ ಮನೆಗಳಲ್ಲಿ ಮುದಿ ಎತ್ತನ್ನು ಕಡೆಯ ಉಸಿರಿನವರೆಗೆ ಕೊಟ್ಟಿಗೆಯಲ್ಲಿಯೇ ಸಾಕಿದವರು ಎಷ್ಟು ಮಂದಿ! ಆ ಸಂಸ್ಕಾರವನ್ನು ಹಗುರವಾಗಿ ಕಾಣಲಾಗದು. ಹಾಗೆಂದು ಬೆನ್ನುಮೂಳೆ ಮುರಿದು, ಉಸಿರಾಡಲಾರದೆ ಒದ್ದಾಡುವ ಜೀವವನ್ನು ನಮ್ಮ ಮನಸ್ಸಿನ ಸಮಾಧಾನಕ್ಕಾಗಿ ಒಂದು ರಾತ್ರಿ ಹೆಚ್ಚಾಗಿ ನರಳಿಸುವುದೂ ಕರುಣೆಯಾಗದು ಎಂದೇ ಈ ಲೇಖಕನ ಎಣಿಕೆ. ವೈದ್ಯರನ್ನು ಬಿಡಿಸಿ ಕೇಳಬೇಕು: ಗುಣವಾಗುವ ಸಂಭವ ಎಷ್ಟು? ನೋವನ್ನು ಔಷಧಿಯಿಂದ ತಡೆಯಲು ಸಾಧ್ಯವೆ? ಬೆಳಗಿನವರೆಗೆ ನೋವಿಲ್ಲದಂತೆ ಇರಿಸಿ, ಮನೆಯವರೆಲ್ಲ ಕೂಡಿದ ಮೇಲೆ ನಿರ್ಧರಿಸಬಹುದೆ? ಸಾಧ್ಯವಿದ್ದಲ್ಲಿ ಒಪ್ಪುವ ವೈದ್ಯರೇ ಹೆಚ್ಚು. ಮಕ್ಕಳಿಗೆ ಸುಳ್ಳು ಹೇಳಬಾರದು. ನಾಯಿ ಎಲ್ಲಿಯೋ ಒಳ್ಳೆಯ ತೋಟಕ್ಕೆ ಹೋಯಿತೆಂಬ ಕಥೆ ನಾಲ್ಕು ದಿನ ನಡೆದೀತು. ಆಮೇಲೆ ಮಗು ಆ ತೋಟದ ವಿಳಾಸ ಕೇಳುತ್ತದೆ.

ಜೀವ ಹೋದರೆ ಮುಂದೇನೆಂಬ ಪ್ರಶ್ನೆಯೂ ಪ್ರವಾಸದಲ್ಲಿ ತಟ್ಟನೆ ಎದುರಾಗುತ್ತದೆ. ಚಿಕಿತ್ಸಾಲಯದವರು ಸಾಮಾನ್ಯವಾಗಿ ದಹನದ ಏರ್ಪಾಡನ್ನು ಸೂಚಿಸಿ, ಬೇಕಾದರೆ ಬೂದಿಯನ್ನು ಕರಂಡಕದಲ್ಲಿಟ್ಟು ಮನೆಗೆ ಕಳಿಸುತ್ತಾರೆ. ಮಣ್ಣಿಗೆ ಒಪ್ಪಿಸುವುದು ನಮ್ಮ ಪದ್ಧತಿಯಾದ್ದರಿಂದ ಹಿರಿಯರು ದಹನಕ್ಕೆ ಒಪ್ಪದಿರಬಹುದು. ಹಾಗಿದ್ದಲ್ಲಿ ದೇಹವನ್ನು ಊರಿಗೆ ಒಯ್ಯುವುದಾಗಿ ಆಗಲೇ ತಿಳಿಸಬೇಕು. ಕ್ಯಾರವಾನ್ ನಿಲ್ದಾಣದ ನೆಲದಲ್ಲಾಗಲಿ ಕಡಲತೀರದ ಮರಳಿನಲ್ಲಾಗಲಿ ಹೂಳುವಂತಿಲ್ಲ. ತಾನು ಬಾಳಿದ ಮನೆಯ ಹಿತ್ತಲಿನಲ್ಲಿ ನಾಯಿಯನ್ನು ಹೂಳಲು ಇಂಗ್ಲೆಂಡಿನಲ್ಲಿ ಅಡ್ಡಿಯಿಲ್ಲ. ಬಾಡಿಗೆಯ ಮನೆಯಾದರೆ ಒಡೆಯನ ಅಪ್ಪಣೆ ಬೇಕು, ಗುಂಡಿ ಆಳವಾಗಿರಬೇಕು, ಬಾವಿ ತೊರೆಗಳಿಂದ ದೂರವಿರಬೇಕು. ದಾರಿ ದೂರವಾಗಿ ಒಡನೆ ಹೊರಡಲಾಗದಿದ್ದರೆ ಒಂದೆರಡು ದಿನ ದೇಹವನ್ನು ಶೀತಕದಲ್ಲಿ ಕಾದಿಡುವಿರಾ ಎಂದು ಚಿಕಿತ್ಸಾಲಯದವರನ್ನು ಕೇಳಿ ನೋಡಬಹುದು.